ನೀರಿಗೆ ಬಿದ್ದ ಹಳೆಯ ಕ್ಯಾಮೆರಾ

ಪ್ರಶ್ನೆ: ಘಟಪ್ರಭೆಯ ದಂಡೆಯಲ್ಲಿ ನನ್ನ ಪೆಂಟ್ಯಾಕ್ಸ್ ಕೆ1000 ನೀರಿಗೆ ಬಿತ್ತು. ಒಳಗೆ ರೀಲಿದೆ. ಬಿಸಿಲಿಗಿಟ್ಟರೆ ಸಾಕೇ?
– ಓದುಗರು, ಬಾಗಲಕೋಟೆ

ಉತ್ತರ: ನಿಮ್ಮೂರ ಬಿಸಿಲಿಗೆ ಮಾತ್ರ ಬೇಡ, ರೀಲಿಗೆ ಬೆಳಕು ಬಿಡುವ ಶಟರಿನ ರಬ್ಬರ್ ಲೇಪಿತ ಬಟ್ಟೆ ಸುಕ್ಕುಗಟ್ಟೀತು. ಅಕ್ಕಿ ಡಬ್ಬಿಯೂ ಬೇಡ, ಅದರ ಹಿಟ್ಟು ಗೇರಿಗೆ ಮೆತ್ತುತ್ತದೆ. ರೀಲು ಮುಂದೆ ಸರಿಸುವ ಲಿವರ್ ಎಳೆಯಬೇಡಿ. ತಳದ ಎಲ್‌ಆರ್44 ಸೆಲ್ ತೆಗೆಯಿರಿ. ಅದು ಬೆಳಕು ಅಳೆಯುವ ಲೈಟ್ ಮೀಟರಿಗಷ್ಟೇ, ಶಟರ್ ಪೂರ್ತಿ ಯಾಂತ್ರಿಕ, ನಿಮ್ಮ ಪುಣ್ಯ.

ರೀಲು ಒಣಗಿದರೆ ಜಿಲೆಟಿನ್ ಪದರಗಳು ಒಂದಕ್ಕೊಂದು ಅಂಟುತ್ತವೆ. ಕತ್ತಲಲ್ಲಿ ತೆಗೆದು, ಬೆಳಕು ತೂರದ ಡಬ್ಬಿಯಲ್ಲಿ ನೀರಿನೊಳಗೇ ಇಟ್ಟು ಬೇಗ ಲ್ಯಾಬಿಗೆ ಮುಟ್ಟಿಸಿ.

ಲೆನ್ಸ್ ಬಿಚ್ಚಿ, ಬಾಡಿಯ ಜೊತೆ ತೇವ ಹೀರುವ 200 ಗ್ರಾಂ ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಇಡಿ. ಹರಳಿನ ಬಣ್ಣ ತಿರುಗಿದರೆ ಬದಲಿಸಿ. ಫೋಕಸ್ ರಿಂಗ್ ಗರಗರ ಎಂದರೆ ಹೊಳೆಯ ರೇವೆ ಹೊಕ್ಕಿದೆ. ಎಣ್ಣೆ ಸ್ಪ್ರೇ ಹೊಡೆಯದೆ ಮೆಕ್ಯಾನಿಕ್‌ಗೆ ಕೊಡಿ.