ಹೊಸ ವರ್ಷ ಬಂತು, ಕಂಪ್ಯೂಟರಿನ ತಾರೀಖು ತಪ್ಪಿತು: ಓದುಗರ ಪ್ರಶ್ನೆಗಳಿಗೆ ಉತ್ತರ

ಜನವರಿ ಮೊದಲ ವಾರ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು: ತಾರೀಖು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮೂರೂ ಜಿಲ್ಲೆಗಳಿಂದ ಸಿಸ್ಟಂ ನೋಡಿಕೊಳ್ಳುವವರು ಬರೆದಿದ್ದಾರೆ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಇವಕ್ಕೇ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಸರ್, ನಾನು ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ಈ ಹಂಗಾಮಿಗೆ ಕಬ್ಬಿನ ಗಾಡಿ ತೂಗುವ ವೇಬ್ರಿಡ್ಜ್‌ಗೆ ಹೊಸ ಸಾಫ್ಟ್‌ವೇರ್ ಹಾಕಿದರು. ಡಿಸೆಂಬರ್ ಪೂರ್ತಿ ಚೆನ್ನಾಗಿಯೇ ಓಡಿತು. ಜನವರಿ 1ರಂದು ಒಂದೇ ಒಂದು ತೂಕದ ಚೀಟಿ ಬಂತು, ಎರಡನೆಯದರಿಂದ 'ಈ ನಂಬರ್ ಈಗಾಗಲೇ ಇದೆ' ಅಂತ ನಿಂತುಬಿಟ್ಟಿತು. ಗೇಟಿನ ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಸಾಲು. ಸಾಫ್ಟ್‌ವೇರಿನವರಿಗೆ ಫೋನ್ ಮಾಡಿದರೆ, ಸದ್ಯಕ್ಕೆ ಆ ಒಂದು ಚೀಟಿಯ ತಾರೀಖನ್ನೂ ಕಂಪ್ಯೂಟರಿನ ತಾರೀಖನ್ನೂ ಡಿಸೆಂಬರ್ 31ಕ್ಕೆ ಹಿಂದೆ ಇಡಿ ಅಂದರು. ಇಟ್ಟೆವು, ಓಡುತ್ತಿದೆ. ಹೀಗೇ ಬಿಡಬಹುದಾ?
(ಹೆಸರು ಬೇಡ ಎಂದವರು, ಬಾಗಲಕೋಟೆ ಜಿಲ್ಲೆ)

ಉತ್ತರ: ಬಿಡಬೇಡಿ. ಇವತ್ತೇ ಸರಿ ತಾರೀಖಿಗೆ ತನ್ನಿ. ಸಾಫ್ಟ್‌ವೇರ್ ಸರಿ ಆಗುವ ತನಕ ಕೈಬರಹದ ಚೀಟಿ ಕೊಟ್ಟರೂ ಪರವಾಗಿಲ್ಲ.

ಕಾರಣ ಹೇಳುತ್ತೇನೆ. ಕಬ್ಬು ಕಾರ್ಖಾನೆಗೆ ಕೊಟ್ಟ ದಿನದಿಂದ 14 ದಿನದೊಳಗೆ ರೈತನಿಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಲೆಕ್ಕದಲ್ಲಿ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ 14 ದಿನ ಎಣಿಸುವುದು ಎಲ್ಲಿಂದ? ನಿಮ್ಮ ಚೀಟಿಯಲ್ಲಿರುವ ತಾರೀಖಿನಿಂದಲೇ ಅಲ್ವಾ? ತೂಕದಲ್ಲಿ ಕಾಟಾ ಹೊಡೆಯುತ್ತಾರೆ, ಅಂದರೆ ಮೋಸ ಮಾಡುತ್ತಾರೆ ಅನ್ನುವ ಮಾತು ನಮ್ಮ ಕಡೆ ಮೊದಲೇ ಇದೆ. ಅದರ ಮೇಲೆ ಜನವರಿ 3ಕ್ಕೆ ಗೇಟಿಗೆ ಬಂದ ಕಬ್ಬಿಗೆ ಡಿಸೆಂಬರ್ 31ರ ಚೀಟಿ ಕೊಟ್ಟರೆ, ನಾಳೆ ಜಗಳ ಬಂದಾಗ ನಿಮ್ಮ ಸರಿಯಾದ ತೂಕವನ್ನೂ ಯಾರೂ ನಂಬುವುದಿಲ್ಲ.

ಇನ್ನೊಂದು ತೊಂದರೆ ಕಂಪ್ಯೂಟರಿನದೇ. ನಿಮ್ಮಲ್ಲಿ ವಿಂಡೋಸ್ ಡೊಮೇನ್ (ಎಲ್ಲ ಪಿಸಿಗಳ ಲಾಗಿನ್ ಒಂದು ಸರ್ವರಿನಿಂದ ನಡೆಯುವ ವ್ಯವಸ್ಥೆ) ಇದ್ದರೆ, ಸರ್ವರ್ ಮತ್ತು ಪಿಸಿಯ ಸಮಯದಲ್ಲಿ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಲಾಗಿನ್ ನಿಲ್ಲುತ್ತದೆ, ಬೇರೇನೂ ಬದಲಾಯಿಸದಿದ್ದರೆ ಇರುವ ಮಿತಿ ಅದು. ಮೊಬೈಲ್ ಆಪ್‌ನಲ್ಲಿ ಬರುವ ಆರಂಕಿಯ ಲಾಗಿನ್ ಕೋಡ್ ಕೂಡ ಸಮಯದ ಮೇಲೆಯೇ ನಿಂತಿದೆ. ಒಂದು ಗಡಿಯಾರ ಹಿಂದೆ ತಿರುಗಿಸಿದರೆ ಹೀಗೆ ಒಂದರ ಹಿಂದೆ ಒಂದು ಕೆಡುತ್ತಾ ಹೋಗುತ್ತದೆ, ಕೊನೆಗೆ ಮೂಲ ತಪ್ಪು ಯಾವುದು ಅಂತ ಹುಡುಕುವುದೇ ಕಷ್ಟವಾಗುತ್ತದೆ.

ಮೂಲ ತಪ್ಪು ಏನಿರಬಹುದು? ನೀವು ಹೇಳಿದ ಲಕ್ಷಣ ನೋಡಿದರೆ, ತಾರೀಖನ್ನು ತಾರೀಖಾಗಿ ಇಡದೆ ಬರೀ ಅಕ್ಷರಗಳಾಗಿ, ಅದೂ ಅಮೆರಿಕದವರ ಹಾಗೆ ತಿಂಗಳು ಮೊದಲು ಬರೆದು ಇಟ್ಟಿದ್ದಾರೆ ಅಂತ ನನ್ನ ಅನುಮಾನ. 10, 11, 12 ಹೀಗೆ ತಿಂಗಳು ಏರುತ್ತಾ ಹೋದಷ್ಟು ದಿನ ಎಲ್ಲಾ ಸರಿ. 01-01-2026 ಬಂದ ಕೂಡಲೇ ಅದು 12-31-2025ಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಸಾಫ್ಟ್‌ವೇರ್ 'ಕೊನೆಯ ಚೀಟಿ ಯಾವುದು' ಅಂತ ಹುಡುಕಿದಾಗಲೆಲ್ಲ ಡಿಸೆಂಬರ್ 31ರ ಚೀಟಿಯೇ ಸಿಗುತ್ತದೆ, ಅದಕ್ಕೆ ಒಂದು ಕೂಡಿಸಿ ಹೊಸ ನಂಬರ್ ಕೊಡುತ್ತದೆ. ಮೊದಲ ಸಲ ನಡೆಯುತ್ತದೆ. ಎರಡನೇ ಸಲ ಅದೇ ನಂಬರ್ ಮತ್ತೆ ಬರುತ್ತದೆ, ನಿಲ್ಲುತ್ತದೆ. ಡೇಟಾಬೇಸ್ ತೆರೆದು ಆ ಕಾಲಂ ಯಾವ ಬಗೆಯದು ಅಂತ ನೀವೇ ನೋಡಬಹುದು. ಅದನ್ನು ನಿಜವಾದ ತಾರೀಖಿನ ಕಾಲಂ ಮಾಡಿಸಿ. ಅಕ್ಷರವಾಗಿಯೇ ಇಡಬೇಕಾದರೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಇಡಿಸಿ. ತಾರೀಖು ಬರೆಯುವ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 8601 ಹೇಳುವುದೂ ಅದನ್ನೇ. ಚೀಟಿ ನಂಬರಿಗೆ ಬೇರೆ ಎಣಿಕೆ ಇರಲಿ, ತಾರೀಖಿನಿಂದ ಹುಡುಕುವುದು ಬೇಡ.

ಈಗಾಗಲೇ ತಪ್ಪು ತಾರೀಖು ಬಿದ್ದ ಚೀಟಿಗಳನ್ನು ಸುಮ್ನೆ ಅಳಿಸಿ ಬರೆಯಬೇಡಿ. ಗೇಟ್ ರಿಜಿಸ್ಟರ್ ಜೊತೆ ತಾಳೆ ನೋಡಿ, ಸರಿ ತಾರೀಖನ್ನು ಬೇರೆ ಕಾಲಂನಲ್ಲಿ ಸೇರಿಸಿ, ಮೇಲಿನವರ ಸಹಿ ತಗೊಳ್ಳಿ, ಆ ರೈತರಿಗೂ ತಿಳಿಸಿ.

ಪ್ರಶ್ನೆ: ನಮ್ಮದು ಪತ್ತಿನ ಸಹಕಾರಿ ಸಂಘ. ಡಿಸೆಂಬರ್ 29, 30, 31ರ ಠೇವಣಿ ರಸೀದಿಗಳಲ್ಲಿ ದಿನ, ತಿಂಗಳು ಸರಿ ಇದ್ದು ವರ್ಷ ಮಾತ್ರ 2026 ಅಂತ ಬಿತ್ತು. ಜನವರಿ 1ಕ್ಕೆ ತಾನಾಗಿಯೇ ಸರಿಹೋಯಿತು. ಇನ್ನು ತಲೆ ಕೆಡಿಸಿಕೊಳ್ಳುವುದು ಬೇಡ ಅಲ್ವಾ ಸರ್?
(ಬೆಳಗಾವಿಯ ಓದುಗರು)

ಉತ್ತರ: ಬೇಕು ಮೇಡಂ. ತಾನಾಗಿ ಸರಿಹೋಗಿಲ್ಲ, ತಾನಾಗಿ ಅಡಗಿದೆ.

ಜಾವಾದಂಥ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ತಾರೀಖು ಬರೆಯುವಾಗ ವರ್ಷಕ್ಕೆ ಇಂಗ್ಲಿಷಿನ ಚಿಕ್ಕ 'ವೈ' (y) ನಾಲ್ಕು ಸಲ ಹಾಕಬೇಕು. ದೊಡ್ಡ 'ವೈ' (Y) ಹಾಕಿದರೆ ಸಿಗುವುದು ಕ್ಯಾಲೆಂಡರ್ ವರ್ಷವಲ್ಲ, ಆ ವಾರ ಯಾವ ವರ್ಷಕ್ಕೆ ಸೇರುತ್ತದೋ ಆ ವರ್ಷ. ವರ್ಷವಿಡೀ ಎರಡೂ ಒಂದೇ ಇರುತ್ತವೆ, ಹೊಸ ವರ್ಷದ ಆಚೀಚೆ ಕೆಲವು ದಿನ ಮಾತ್ರ ಬೇರೆಯಾಗುತ್ತವೆ, ಅದಕ್ಕೇ ಯಾವ ಪರೀಕ್ಷೆಯಲ್ಲೂ ಸಿಕ್ಕಿಬೀಳುವುದಿಲ್ಲ. 2025ರ ಡಿಸೆಂಬರ್ 29 ಸೋಮವಾರ, ಆ ವಾರದಲ್ಲೇ ಜನವರಿ 1 ಬಂತು, ಏಳರಲ್ಲಿ ನಾಲ್ಕು ದಿನ ಹೊಸ ವರ್ಷದವೇ, ಹಾಗಾಗಿ ಇಡೀ ವಾರ 2026ರದ್ದಾಯಿತು. 2014ರ ಡಿಸೆಂಬರ್ 29ರಂದು ಟ್ವಿಟರ್ ಕೂಡ ಒಂದು ವರ್ಷ ಮುಂದೆ ಹೋಗಿ, ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಜನ ಲಾಗ್‌ಔಟ್ ಆಗಿದ್ದರು.

ಮುಂದಿನ ಸಲ ಇದು ಬೇರೆ ರೀತಿಯಲ್ಲಿ ಬರಬಹುದು. ಸೋಮವಾರದಿಂದ ವಾರ ಎಣಿಸಿ, ಹೆಚ್ಚು ದಿನ ಯಾವ ವರ್ಷದಲ್ಲಿವೆಯೋ ವಾರ ಆ ವರ್ಷದ್ದು ಅನ್ನುವ ಐಎಸ್‌ಒ ಲೆಕ್ಕವಾದರೆ 2027ರ ಜನವರಿ 1, 2, 3ರ ರಸೀದಿಗೆ 2026 ಅಂತ ಬೀಳುತ್ತದೆ. ಭಾನುವಾರದಿಂದ ಎಣಿಸಿ, ಜನವರಿ 1 ಇರುವ ವಾರವೇ ಮೊದಲ ವಾರ ಅನ್ನುವ ಲೆಕ್ಕವಾದರೆ 2026ರ ಡಿಸೆಂಬರ್ 27ರಿಂದಲೇ 2027 ಅಂತ ಬೀಳುತ್ತದೆ. ಸಾಫ್ಟ್‌ವೇರ್ ಮಾಡಿದವರಿಗೆ ಇಷ್ಟನ್ನೂ ಬರೆದು ಕಳಿಸಿ, ಅವರಿಗೆ ತಿದ್ದುವುದು ಒಂದು ಸಾಲಿನ ಕೆಲಸ. ಆದರೆ ಆ ಮೂರು ದಿನದ ಠೇವಣಿಗಳ ಮುಕ್ತಾಯದ ತಾರೀಖನ್ನು ನೀವೇ ಒಂದೊಂದಾಗಿ ನೋಡಬೇಕು. ತಪ್ಪು ಮುದ್ರಣದಲ್ಲಿ ಮಾತ್ರವೋ, ಒಳಗಿನ ಲೆಕ್ಕದಲ್ಲೂ ಇದೆಯೋ? ಒಳಗೂ ಇದ್ದರೆ ಠೇವಣಿದಾರರಿಗೆ ಒಂದು ವರ್ಷದ ಬಡ್ಡಿಯೇ ಹೋಗುತ್ತದೆ.

ಪ್ರಶ್ನೆ: ಹೊಸ ವರ್ಷದ ರಾತ್ರಿ 12ಕ್ಕೆ ಎಚ್ಚರ ಇದ್ದು ಸರ್ವರ್ ಕಾದೆ. ಏನೂ ಆಗಲಿಲ್ಲ. ಬೆಳಗ್ಗೆ ಐದೂವರೆಗೆ ಕೆಟ್ಟಿತು. ಯಾಕೆ ಸರ್?
(ವಿಜಯಪುರದ ಕಾಲೇಜಿನ ಲ್ಯಾಬ್ ಸಿಬ್ಬಂದಿ)

ಉತ್ತರ: ಸರ್ವರ್ ಒಳಗಡೆ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯದಲ್ಲಿ ಓಡುತ್ತಿದೆ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಅದರ ಹೊಸ ವರ್ಷ ನಮ್ಮ ಬೆಳಗ್ಗೆ 5:30ಕ್ಕೆ. ಹೀಗೆ ಇಡುವುದು ತಪ್ಪಲ್ಲ, ಒಳ್ಳೆಯದೇ. ಕಾಯುವವರಿಗೆ ಗೊತ್ತಿರಬೇಕು ಅಷ್ಟೇ.

2022ರ ಜನವರಿ 1ರಂದು ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಮೇಲ್ ಸರ್ವರುಗಳು ನಿಂತದ್ದೂ ವರ್ಷ ಬದಲಾದದ್ದರಿಂದಲೇ. ವೈರಸ್ ಪರೀಕ್ಷಿಸುವ ಭಾಗವು ತನ್ನ ಆವೃತ್ತಿಯನ್ನು ತಾರೀಖಿನಿಂದ ಮಾಡಿದ ಸಂಖ್ಯೆಯಾಗಿ ಇಡುತ್ತಿತ್ತು. 2021 ಪೂರ್ತಿ ಆ ಸಂಖ್ಯೆ 21ರಿಂದ ಶುರು. ವರ್ಷ ಬದಲಾದಾಗ ಅದು 2201010001 ಆಯಿತು. ಅದನ್ನು ಇಟ್ಟಿದ್ದ 32 ಬಿಟ್ ಜಾಗ ಹಿಡಿಯುವುದು 2147483647ರ ತನಕ ಮಾತ್ರ. ಪರೀಕ್ಷೆ ಕುಸಿಯಿತು, ಎಕ್ಸ್‌ಚೇಂಜ್ 2016 ಮತ್ತು 2019ರಲ್ಲಿ ಮೇಲ್‌ಗಳು ಸಾಲಿನಲ್ಲೇ ಉಳಿದವು. ಮೈಕ್ರೋಸಾಫ್ಟ್ ಕೊಟ್ಟ ಪರಿಹಾರದ ಹೊಸ ಸಂಖ್ಯೆ 2112330001, ಅಂದರೆ ಡಿಸೆಂಬರ್ 33! ಅವರು ತಿದ್ದಿದ್ದು ಆ ಒಂದು ಸಂಖ್ಯೆಯನ್ನು, ಸರ್ವರಿನ ಗಡಿಯಾರವನ್ನಲ್ಲ. ಮೊದಲ ಪ್ರಶ್ನೆ ಕೇಳಿದವರು ಇದನ್ನು ಸಾಫ್ಟ್‌ವೇರಿನವರಿಗೆ ತೋರಿಸಬಹುದು.

ಪ್ರಶ್ನೆ: 2038ರ ಸಮಸ್ಯೆ ಅಂತಾರಲ್ಲ, ಅದಕ್ಕೆ ಇನ್ನೂ ಬೇಕಾದಷ್ಟು ಟೈಮ್ ಇದೆ ಅಲ್ವಾ?
(ಜಮಖಂಡಿಯ ಓದುಗರು)

ಉತ್ತರ: ಗಡಿಯಾರಕ್ಕೆ ಟೈಮ್ ಇದೆ, ಸಾಲದ ಪುಸ್ತಕಕ್ಕೆ ಇಲ್ಲ. 1970ರಿಂದ ಸೆಕೆಂಡು ಎಣಿಸುವ 32 ಬಿಟ್ ಲೆಕ್ಕ ತುಂಬುವುದು 2038ರ ಜನವರಿ 19ರಂದು, ನಮ್ಮ ಸಮಯ ಬೆಳಗ್ಗೆ 8:44:07ಕ್ಕೆ. ಇವತ್ತು 15 ವರ್ಷದ ಮನೆ ಸಾಲ ಕೊಟ್ಟರೆ ಕೊನೆಯ ಕಂತು 2041ಕ್ಕೆ ಬರುತ್ತದೆ. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಟೈಮ್‌ಸ್ಟ್ಯಾಂಪ್ ಕಾಲಂನಲ್ಲಿ ಆ ತಾರೀಖು ಹಿಡಿಯುವುದಿಲ್ಲ. ಅಂಥ ಕಡೆ ಡೇಟ್‌ಟೈಮ್ ಕಾಲಂ ಬಳಸಿ.

ಪ್ರಶ್ನೆ: ಮೊದಲೇ ಪರೀಕ್ಷೆ ಮಾಡುವುದು ಹೇಗೆ?
(ಗೋಕಾಕದ ಓದುಗರು)

ಉತ್ತರ: ಬ್ಯಾಕಪ್‌ನಿಂದ ಒಂದು ನಕಲು ಯಂತ್ರ ಎಬ್ಬಿಸಿ, ನೆಟ್‌ವರ್ಕಿನಿಂದ ಬಿಡಿಸಿ, ಅದರ ತಾರೀಖು ಮುಂದೆ ಇಟ್ಟು ದಿನದ ಕೆಲಸ ಪೂರ್ತಿ ಮಾಡಿ ನೋಡಿ. ಓಡುತ್ತಿರುವ ಯಂತ್ರದಲ್ಲಿ ಇದನ್ನು ಯಾವತ್ತೂ ಮಾಡಬೇಡಿ. ಡಿಸೆಂಬರ್ ಕೊನೆಯ ವಾರ, ಜನವರಿ ಮೊದಲ ವಾರ ಸರಿ. ಮಾರ್ಚ್ 31 ಮತ್ತು ಏಪ್ರಿಲ್ 1ನ್ನೂ ನೋಡಿ, ಬಿಲ್ ನಂಬರ್ ಹೊಸದಾಗಿ ಶುರುವಾಗುವ ಕಡೆ ಅಲ್ಲೇ ಎಡವುವುದು ಜಾಸ್ತಿ. 2028ರ ಫೆಬ್ರುವರಿ 29 ಮರೆಯಬೇಡಿ: 2024ರಲ್ಲಿ ಅದೇ ದಿನ ನ್ಯೂಜಿಲೆಂಡಿನ ಎಷ್ಟೋ ಪೆಟ್ರೋಲ್ ಬಂಕ್‌ಗಳಲ್ಲಿ ಕಾರ್ಡ್ ಪಾವತಿ ನಿಂತುಹೋಗಿತ್ತು. ಪರೀಕ್ಷೆಯಲ್ಲಿ ಒಂದು ರಸೀದಿ ಹಾಕಿ ಬಿಡಬೇಡಿ, ಕನಿಷ್ಠ ಎರಡು ಹಾಕಿ. ವೇಬ್ರಿಡ್ಜ್‌ನ ತೊಂದರೆ ಕಂಡದ್ದು ಎರಡನೇ ಚೀಟಿಯಲ್ಲೇ.