ಹಲ್ಲು ಕಡೆದು ಮುಗಿಸಿದ ಗಿಯರನ್ನು ಮತ್ತೆ ಕುಲುಮೆಗೆ ಹಾಕುವುದೇಕೆ?

ಹೊರಮೈ ಗಡಸಾಗಬೇಕು, ಒಳಗಿನ ತಿರುಳು ಮಾತ್ರ ಕೊಂಚ ಮೆದುವಾಗಿಯೇ ಉಳಿಯಬೇಕು, ಅದಕ್ಕಾಗಿ. ಇಡೀ ಗಿಯರ್ ಗಡಸಾದರೆ ಜೋರಾದ ಹೊಡೆತಕ್ಕೆ ಹಲ್ಲು ಮುರಿಯುತ್ತದೆ. ಇಡೀ ಮೆದುವಾಗಿದ್ದರೆ ಉಜ್ಜಿ ಉಜ್ಜಿ ಸವೆದುಹೋಗುತ್ತದೆ.

ವಾಹನಗಳ ಗಿಯರಿಗೆ ಸಾಮಾನ್ಯವಾಗಿ ಬಳಸುವ ಉಕ್ಕಿನಲ್ಲಿ ಇಂಗಾಲ ಇರುವುದು ಸುಮಾರು ಶೇ 0.2 ಮಾತ್ರ. ಅದನ್ನು ಸಲೀಸಾಗಿ ಕಡೆಯಲು ಆಗುವುದೂ ಇದರಿಂದಲೇ. ಕುಲುಮೆಯಲ್ಲಿ ಅದನ್ನು ಸುಮಾರು 920 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಇಂಗಾಲ ಹೆಚ್ಚಿರುವ ಅನಿಲದ ನಡುವೆ ಗಂಟೆಗಟ್ಟಲೆ ಇಡುತ್ತಾರೆ. ಆ ಶಾಖದಲ್ಲಿ ಕಬ್ಬಿಣದ ಪರಮಾಣುಗಳ ಜೋಡಣೆಯೇ ಬದಲಾಗಿ, ನಡುವೆ ಇಂಗಾಲಕ್ಕೆ ಜಾಗ ಸಿಗುತ್ತದೆ. ಅದು ಹೊರಗಿನಿಂದ ಒಳಕ್ಕೆ ಇಂಗುತ್ತದೆ, ಆದರೆ ಬಹಳ ನಿಧಾನ: ಒಂದು ಮಿಲಿಮೀಟರ್ ಆಳಕ್ಕೆ ಇಳಿಯಲು ಐದಾರು ಗಂಟೆಗಳೇ ಬೇಕು. ಈ ನಿಧಾನವೇ ಇಲ್ಲಿ ವರ. ಹೊರಮೈಯಲ್ಲಿ ಇಂಗಾಲ ಶೇ 0.8 ಮುಟ್ಟಿದರೂ ತಿರುಳಿಗೆ ಅದರ ಸೋಂಕು ತಗಲುವುದಿಲ್ಲ.

ಆಮೇಲೆ ಕೆಂಪಗೆ ಕಾದ ಗಿಯರನ್ನು ಎಣ್ಣೆಯಲ್ಲಿ ಅದ್ದುತ್ತಾರೆ. ಥಟ್ಟನೆ ತಣಿದಾಗ ಇಂಗಾಲ ಹೊರಬರಲಾಗದೆ ಸಿಕ್ಕಿಕೊಂಡು ಪರಮಾಣುಗಳ ಜೋಡಣೆಯನ್ನು ಬಿಗಿಯುತ್ತದೆ. ಗಡಸುತನ ಹುಟ್ಟುವುದು ಇಲ್ಲಿಯೇ. ಪಳಗಿದ ಕೆಲಸಗಾರರು ಹಲ್ಲಿನ ಮೇಲೆ ಅರ ಎಳೆದು ನೋಡುತ್ತಾರೆ: ಕುಲುಮೆಗೆ ಹೋಗುವ ಮುನ್ನ ಪುಡಿ ಉದುರಿಸುತ್ತಿದ್ದ ಅದೇ ಅರ, ಈಗ ಗಾಜಿನ ಮೇಲೆ ಎಳೆದಂತೆ ಜಾರುತ್ತದೆ.

ಕೊನೆಗೆ ಸುಮಾರು 180 ಡಿಗ್ರಿಯಲ್ಲಿ ಇನ್ನೊಮ್ಮೆ ಕಾಯಿಸುವುದನ್ನು ಮಾತ್ರ ಬಿಡಬಾರದು. ಬಿಟ್ಟರೆ ಆ ಬಿಗಿತದಿಂದಲೇ ಹೊರಮೈ ಬಿರುಕು ಬಿಡಬಹುದು.