ಓದುಗರ ಪ್ರಶ್ನೆ: ದೊಲೋರೆಸ್ ಎಂದರೆ ಬರೀ ನೋವೇ?

ಪ್ರಶ್ನೆ (ಬೇಳದಿಂದ): ಸ್ಪ್ಯಾನಿಷ್ ಕಥೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ದೊಲೋರೆಸ್ ಎಂಬ ಹೆಸರಿಗೆ ನಿಘಂಟು ‘ನೋವುಗಳು’ ಎನ್ನುತ್ತದೆ. ಹೆತ್ತವರು ಮಗಳಿಗೆ ಹೀಗೆ ಹೆಸರಿಡುತ್ತಾರೆಯೆ? ಅಡಿಟಿಪ್ಪಣಿಯಲ್ಲಿ ಏನೆಂದು ಬರೆಯಲಿ?

ಉತ್ತರ: ಇದಕ್ಕೆ ಉತ್ತರ ನಿಮ್ಮ ಊರಲ್ಲೇ ಇದೆ. ಬೇಳದ ಇಗರ್ಜಿ (ಚರ್ಚು) ಶೋಕಮಾತೆಯದು, ಅಂದರೆ ಮಗ ಯೇಸುವಿಗಾಗಿ ದುಃಖಿಸುವ ಮರಿಯಮ್ಮನದು. ದೊಲೋರೆಸ್ ಎಂದರೂ ಅದೇ ಶೋಕಮಾತೆ. ಪೂರ್ತಿ ಹೆಸರು ‘ಮರಿಯಾ ದೆ ಲೊಸ್ ದೊಲೋರೆಸ್’. ಬಾಯಿಮಾತಿನಲ್ಲಿ ಮರಿಯಾ ಬಿಟ್ಟುಹೋಗಿ ಬಾಲವಷ್ಟೇ ಉಳಿಯಿತು. ಬಹುವಚನ ಬಂದಿರುವುದು ಮರಿಯಮ್ಮನ ಶೋಕಗಳು ಏಳು ಎಂಬ ಎಣಿಕೆಯಿಂದ: ದೇವಾಲಯದಲ್ಲಿ ಶಿಶು ಯೇಸುವನ್ನು ಕಂಡ ಸಿಮೆಯೋನನ ಭವಿಷ್ಯವಾಣಿ ಮೊದಲನೆಯದು, ಯೇಸುವಿನ ಸಮಾಧಿ ಕೊನೆಯದು. ಹಬ್ಬ ಸೆಪ್ಟೆಂಬರ್ 15ಕ್ಕೆ. ಟಿಪ್ಪಣಿಯಲ್ಲಿ ‘ಶೋಕಮಾತೆಯ ಹೆಸರು’ ಎಂದು ಬರೆದರೆ ಸಾಕು. ‘ನೋವುಗಳು’ ಎಂದರೆ ಭಕ್ತಿ ಹೋಗಿ ಶಾಪದಂತೆ ಕೇಳುತ್ತದೆ.

ಮರಿಯಮ್ಮನಿಂದ ಬಂದ ಉಳಿದ ಹೆಸರುಗಳನ್ನೂ ಹೀಗೆಯೇ ಬಿಡಿಸಿ. ಪಿಲಾರ್ ಬರೀ ಕಂಬವಲ್ಲ, ಸ್ಪೇನಿನ ಸರಗೋಸಾ ನಗರದಲ್ಲಿ ಕಂಬದ ಮೇಲೆ ನಿಂತ ಮಾತೆ. ಹಬ್ಬ ಅಕ್ಟೋಬರ್ 12. ಮೆರ್ಸೆದೆಸ್ ಎಂದರೆ ಕರುಣೆಯ ಮಾತೆ. ಸೆರೆಯಾಳುಗಳನ್ನು ಬಿಡಿಸಲೆಂದು 1218ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದ ಸನ್ಯಾಸಿ ಸಂಘಕ್ಕೂ ಅದೇ ಹೆಸರು. ಕಾರ್ಮೆನ್ ಎಂದರೆ ಕಾರ್ಮೆಲ್ ಬೆಟ್ಟದ ಮಾತೆ. ಹಬ್ಬ ಜುಲೈ 16.

ಒಂದು ಎಚ್ಚರ: ದೊಲೋರೆಸ್‌ಳನ್ನು ಮನೆಯವರು ಲೋಲಾ ಎನ್ನುತ್ತಾರೆ. ಕೊನ್ಸೆಪ್ಸಿಯೋನ್ ಕೊಂಚಾ ಆಗುತ್ತಾಳೆ, ಗ್ವಾದಲೂಪೆ ಲೂಪೆ, ಕೊನ್ಸುಎಲೊ ಚೆಲೊ. ಒಬ್ಬಳೇ ಹೆಂಗಸು ಅನುವಾದದಲ್ಲಿ ಇಬ್ಬರಾಗುವುದು ಇಲ್ಲಿಯೇ. ಮೊದಲ ಸಲ ಬಂದಾಗ ಎರಡೂ ಹೆಸರನ್ನು ಒಟ್ಟಿಗೆ ಕೊಡಿ.

ಪ್ರಶ್ನೆ (ಮಂಜೇಶ್ವರದಿಂದ): ರೊಸಾರಿಯೊ ನಮ್ಮ ಕಡೆ ಮನೆತನದ ಹೆಸರು. ಸ್ಪೇನಿನಲ್ಲಿ ಹೆಂಗಸಿನ ಹೆಸರಂತೆ, ಹೌದೆ?

ಉತ್ತರ: ಹೌದು. ಜಪಸರದ ಮಾತೆಯ ಹೆಸರು ಅದು. ಹಬ್ಬ ಅಕ್ಟೋಬರ್ 7. ‘ಒ’ಕಾರದಲ್ಲಿ ಮುಗಿದರೆ ಗಂಡು ಎಂಬ ಸೂತ್ರ ಇಲ್ಲಿ ನಡೆಯದು. ಜಪಸರ ಎಂಬ ಪದ ಸ್ಪ್ಯಾನಿಷಿನಲ್ಲಿ ಪುಲ್ಲಿಂಗವೇ, ಹೆಸರು ಹೊತ್ತವಳು ಮಾತ್ರ ಸ್ತ್ರೀ. ಆದ್ದರಿಂದ ಕನ್ನಡದಲ್ಲಿ ‘ರೊಸಾರಿಯೊ ಬಂದಳು’ ಎಂದೇ ಬರೆಯಬೇಕು. ಅಂಪಾರೊ, ಸೊಕೊರ್ರೊ, ಕೊನ್ಸುಎಲೊ ಕೂಡ ಹಾಗೆಯೇ. ರೊಸಾರಿಯೊಳ ಮುದ್ದು ಹೆಸರು ಚಾರೊ. ಇಟಲಿಯಲ್ಲಿ ಮಾತ್ರ ಇದೇ ರೊಸಾರಿಯೊ ಗಂಡಸಿನ ಹೆಸರು. ಕಥೆ ಯಾವ ದೇಶದ್ದೆಂದು ಮೊದಲು ನೋಡಿಕೊಳ್ಳಿ.

ಪ್ರಶ್ನೆ (ಬದಿಯಡ್ಕದಿಂದ): ಸ್ಪ್ಯಾನಿಷಿನಲ್ಲಿ ಸದ್ಗುಣಗಳಿಂದ ಬಂದ ಹೆಂಗಸರ ಹೆಸರುಗಳು ಯಾವುವು?

ಉತ್ತರ: ಮುಖ್ಯವಾಗಿ ಮೂರು: ಫೆ (ವಿಶ್ವಾಸ), ಎಸ್ಪೆರಾನ್ಸಾ (ಭರವಸೆ), ಕರಿದಾದ್ (ಪ್ರೀತಿ, ದಾನಗುಣ). ಇವೂ ಮರಿಯಮ್ಮನ ಕಡೆಗೆ ವಾಲುತ್ತವೆ. ಸ್ಪೇನಿನ ಸೆವಿಲ್ಯಾ ನಗರದಲ್ಲಿ ಭರವಸೆಯ ಮಾತೆಗೆ ದೊಡ್ಡ ಭಕ್ತಿ ಇದೆ. ಕ್ಯೂಬಾದ ಪಾಲಕಿ ಕರಿದಾದ್ ಮಾತೆ. ಅವಳ ಹಬ್ಬ ಸೆಪ್ಟೆಂಬರ್ 8, ನಮ್ಮಲ್ಲಿ ತೆನೆ ಹೊತ್ತು ಇಗರ್ಜಿಗೆ ಹೋಗುವ ಮೊಂತಿ ಫೆಸ್ತಿನ (ಮರಿಯಮ್ಮನ ಹುಟ್ಟುಹಬ್ಬದ) ದಿನವೇ.